ಅತ್ತೆ ಹೂವಿಗೆ ತೊಟ್ಟಿಲು ಶಾಸ್ತ್ರ

ತನ್ನ ಮಗಳಿಗೆ ಇಡುವ ಹೆಸರು ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಇನ್ನೊಂದು ಕೂಸಿಗೆ ಇರಕೂಡದು! ಇದ್ದದ್ದೇ ಆದರೆ ತನ್ನ ಎಂ.ಎ. ಸರ್ಟಿಫಿಕೇಟನ್ನು ಮಡಚಿ ರೇಷ್ಮೆಹುಳುವಿನ ತಟ್ಟೆಗೆ ಹಾಸುವುದೇ ಸೈ! ಹೀಗೆಂದು ಮುನಿಕೃಷ್ಣ ಶಪಥ ಮಾಡಿದ್ದು ರಾಯಲ್ಪಾಡಿನ ಮಾವನ ಮನೆಯ ಪಡಸಾಲೆಯಲ್ಲಿ, ಮಗಳಿಗೆ ಇಪ್ಪತ್ತನೇ ದಿನ ತುಂಬಿದ ಬೆಳಗ್ಗೆ. ಭೀಷ್ಮನ ಶಪಥಕ್ಕೆ ದೇವತೆಗಳು ಹೂಮಳೆ ಸುರಿಸಿದರಂತೆ. ಮುನಿಕೃಷ್ಣನ ಶಪಥಕ್ಕೆ ಮಗಳು ಅವನ ತೊಡೆಯ ಮೇಲೆಯೇ ಒಂದ ಮಾಡಿದಳು.

"ಶಪಥ ಆಮೇಲೆ ಮಾಡ್ರೀ, ಮೊದಲು ಪಂಚೆ ಬದಲಾಯಿಸಿ" ಎಂದಳು ಹೆಂಡತಿ ಸುನಂದ.

ಮುನಿಕೃಷ್ಣ ಅಂಥಿಂಥವನಲ್ಲ. ನಂಗಲಿ ಪಕ್ಕದ ಹಳ್ಳಿಯಲ್ಲಿ ಟೊಮ್ಯಾಟೊ, ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲಿಗ. ದಾಟಿದವನು ಅಲ್ಲಿಗೇ ನಿಲ್ಲದೆ ಕನ್ನಡ ಎಂ.ಎ. ಮುಗಿಸಿ, ಅದೇ ಊರಿನ ಪಂಚಾಯಿತಿ ಲೈಬ್ರರಿಗೆ ಮೇಲ್ವಿಚಾರಕನಾಗಿ ಬಂದು ಕೂತಿದ್ದ. ಅಲ್ಲಿದ್ದ ನಾಲ್ಕು ಬೀರು ಪುಸ್ತಕಗಳಲ್ಲಿ ಮೂರು ಬೀರು ಓದಿ ಮುಗಿಸಿದ್ದ. ನಾಲ್ಕನೆಯದರ ಬೀಗದ ಕೈ ಕಳೆದುಹೋಗಿತ್ತು, ಅದು ಅವನ ತಪ್ಪಲ್ಲ.

ಹೂವಿನ ಹೆಸರೇ ಆಗಬೇಕು ಎನ್ನುವುದು ಸುನಂದಳ ಆಸೆ. ಅದಕ್ಕೆ ಅರ್ಥ ಇರಬೇಕು, ಮೂಲ ಗೊತ್ತಿರಬೇಕು ಎನ್ನುವುದು ಮುನಿಕೃಷ್ಣನ ಹಟ. ಮೊದಲು ಮೊಬೈಲಿನಲ್ಲಿ ಹುಡುಕಿದ. ಅಲ್ಲಿ ಯಾವ ಹೆಸರು ಒತ್ತಿದರೂ 'ದೇವತೆಯ ನಗು' ಎಂದೇ ಅರ್ಥ ಬರುತ್ತಿತ್ತು. ಪರೀಕ್ಷೆಗೆಂದು 'ಮುನಿಕೃಷ್ಣ' ಎಂದು ಒತ್ತಿದ. ಅವನೂ ದೇವತೆಯ ನಗುವೇ ಆಗಿದ್ದ! ಥತ್ ಎಂದು ಮೊಬೈಲ್ ಬಿಸಾಕಿ ಲೈಬ್ರರಿಯ ನಿಘಂಟುಗಳಿಗೆ ಶರಣಾದ.

ಹೂಗಳೆಲ್ಲ ಒಂದೊಂದಾಗಿ ಸಂದರ್ಶನಕ್ಕೆ ಬಂದು ಫೇಲಾಗಿ ಹೋದವು. ಮಲ್ಲಿಗೆ? ಅವರ ಬೀದಿಯಲ್ಲೇ ಮೂವರು ಮಲ್ಲಿಕಾ. ಕಮಲ? ಆರನೇ ಕ್ಲಾಸಿನಲ್ಲಿ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದ ಮೇಡಂ ಹೆಸರು. ಕೇತಕಿ? ಶಿವನ ಶಾಪ ತಿಂದ ಹೂವು. ಕನಕಾಂಬರ? ಬಣ್ಣ ಉಂಟು, ವಾಸನೆ ಇಲ್ಲ. ಚೆಂಡು ಹೂವು? ಛೆ ಛೆ, ಆಯುಧಪೂಜೆಗೆ ನಂಗಲಿ ಹೈವೇಯಲ್ಲಿ ಲಾರಿ ಮೂತಿಗೆ ಕಟ್ಟುವ ಹೂವು!

ಹುಡುಕಾಟದ ಹದಿನೇಳನೇ ದಿನ ಸಂಪಿಗೆ ಸಿಕ್ಕಿತು. ಸಿಕ್ಕಿದ್ದೇನು, ಮುನಿಕೃಷ್ಣ ಕುರ್ಚಿಯಿಂದ ಎದ್ದು ನಿಂತ. ಸಂಸ್ಕೃತದಲ್ಲಿ ಚಂಪಕ, ಕನ್ನಡದಲ್ಲಿ ಸಂಪಿಗೆ, ತೆಲುಗಿನಲ್ಲಿ ಸಂಪಂಗಿ, ಉರ್ದುವಿನಲ್ಲಿ ಚಂಪಾ! ಕವಿಗಳು ಸುಂದರಿಯ ಮೂಗನ್ನು ಹೋಲಿಸಿದ್ದು ಇದರ ಮೊಗ್ಗಿಗೆ. ಮಗಳ ಮೂಗು ಸದ್ಯಕ್ಕೆ ನೆನೆಹಾಕಿದ ಅವರೆಕಾಳಿನಂತಿತ್ತು, ಇರಲಿ, ಬೆಳೆಯುವ ಮೂಗು. ಅಲ್ಲದೆ ದುಂಬಿಯೂ ಹತ್ತಿರ ಸುಳಿಯದ ಹೂವು ಇದು ಎಂದು ಕವಿವಾಕ್ಯ. ಹೆಣ್ಣು ಹೆತ್ತ ತಂದೆಗೆ ಅದಕ್ಕಿಂತ ನೆಮ್ಮದಿ ಬೇರೆ ಬೇಕೆ? ಚಂಪಾ, ಚಂಪಕ ಎಂದು ಯಾರಾದರೂ ಇದ್ದಾರು. ಅಚ್ಚಗನ್ನಡದ 'ಸಂಪಿಗೆ' ತಾಲ್ಲೂಕಿಗೆ ಒಬ್ಬಳೇ!

ಸುನಂದಳಿಗೆ ಫೋನ್ ಮಾಡಿದ. ಅವಳು ಮನಸಾರೆ ಮೆಚ್ಚಿದಳು. ಆಮೇಲೆ ಒಂದು ಮಾತು ಕೇಳಿದಳು.

"ರೀ, ನಿಮ್ಮ ಹಿತ್ತಲಲ್ಲಿ ಆ ಹೂವಿನ ಮರ ಇದೆಯಲ್ಲ, ಅದನ್ನ ನಿಮ್ಮನೇಲಿ ಎಲ್ಲಾರೂ 'ಅತ್ತೆ ಹೂವು' ಅಂತಾರಲ್ಲ, ಯಾಕೆ?"

ನಿಜ. ಆ ಮನೆಯ ಹೆಂಗಸರು ಯಾವತ್ತೂ ಅದನ್ನು ಅತ್ತೆ ಹೂವು ಎಂದೇ ಕರೆಯುತ್ತಿದ್ದರು. ಗಂಡಸರು ಹೂವಿನ ಸುದ್ದಿ ಎತ್ತುವವರೇ ಅಲ್ಲ, ಅವರ ಬಾಯಲ್ಲಿ ಬರುವುದು ಟೊಮ್ಯಾಟೊ ಮತ್ತು ರೇಷ್ಮೆಗೂಡು. ಅದಕ್ಕೆ ಸಂಪಿಗೆ ಎಂಬ ಹೆಸರಿದೆ ಎಂದು ಮುನಿಕೃಷ್ಣನಿಗೆ ತಿಳಿದದ್ದೇ ಶಾಲೆಗೆ ಹೋದ ಮೇಲೆ.

"ಹಳ್ಳಿ ಜನರ ವಾಡಿಕೆ ಕಣೇ" ಎಂದು ವಿದ್ವಾಂಸನಂತೆ ಕೆಮ್ಮಿದ. "ಹೂವಿನ ಘಾಟು ಜಾಸ್ತಿ, ಅತ್ತೆಯರ ಮಾತಿನ ಹಾಗೆ. ಅದಕ್ಕೇ ಇರಬೇಕು."

"ನಿಮ್ಮಮ್ಮನ್ನ ಒಂದ್ಮಾತು ಕೇಳಿ."

"ನಿಘಂಟು ನೋಡಿದೀನಿ, ಅಮ್ಮನ್ನ ಏನು ಕೇಳೋದು? ತೊಟ್ಟಿಲು ಶಾಸ್ತ್ರದ ದಿನದವರೆಗೂ ಯಾರಿಗೂ ಬಾಯಿಬಿಡಬೇಡ!"

ಮುಂದಿನ ಕೆಲಸಗಳು ಬಿರುಸಿನಿಂದ ನಡೆದವು. ಮೊದಲು ಹೋಗಿ ಜನನ ಪ್ರಮಾಣಪತ್ರದಲ್ಲಿ 'ಸಂಪಿಗೆ' ಎಂದು ಸೇರಿಸಿಬಿಟ್ಟ. ಆಮೇಲೆ ನಂಗಲಿ ಹೈವೇ ಪಕ್ಕ ಡಿಟಿಪಿ ಅಂಗಡಿ ಇಟ್ಟಿದ್ದ ಗೆಳೆಯ ತೌಹೀದನ ಬಳಿ ಹೋಗಿ, 'ಹೆಸರಿನ ಅರ್ಥ ಮತ್ತು ಮೂಲ' ಎಂಬ ಒಂದು ಪುಟ ಬರೆದುಕೊಟ್ಟು, ತಾಂಬೂಲದ ಜೊತೆ ಹಂಚಲು ಇನ್ನೂರು ಪ್ರತಿ ಮಾಡಿಸಿದ.

ತೌಹೀದ್ ಪುಟವನ್ನು ಮೇಲಿನಿಂದ ಕೆಳಗೆ ನೋಡಿ, "ಅರೆ ಭಾಯ್, ಇದು ಮಗೂನಾ, ಎಂ.ಎ. ಪೇಪರಾ?" ಎಂದ. "ನಮ್ಮ ಅರ್ಷಿಯಾಗೆ ಹೆಸರಿಡೋವಾಗ ನಮ್ಮ ಅಬ್ಬಾ ಬಾಗಿಲಲ್ಲಿ ನಿಂತು ಮೂರು ಸಲ ಜೋರಾಗಿ ಕೂಗಿ ನೋಡಿದ್ರು. ಬಾಯಿಗೆ ಸರಾಗ ಬಂತು, ಇಟ್ರು. ಮುಗೀತು."

"ಇದು ಸಂಶೋಧನೆ ಕಣೋ. ಎರಡನೇ ಸಾಲು ನೋಡು. 'ಸಂಪಿಗೆ, ಸಂಪಂಗಿ, ಚಂಪಾ, ಚಂಪಕ ಎಲ್ಲವೂ ಒಂದೇ.' ಅದನ್ನ ದಪ್ಪ ಅಕ್ಷರ ಮಾಡು. ಕೆಳಗೆ ಗೆರೆ ಎಳಿ."

ತೌಹೀದ್ ದಪ್ಪ ಮಾಡಿದ. ಗೆರೆಯನ್ನೂ ಎಳೆದ.

ಮೂರನೇ ತಿಂಗಳಲ್ಲಿ ಸುನಂದ ಕೂಸಿನೊಂದಿಗೆ ಗಂಡನ ಮನೆಗೆ ಬಂದಳು. ತೊಟ್ಟಿಲು ಶಾಸ್ತ್ರಕ್ಕೆ ಊರಿಗೆ ಊರೇ ಕರೆಯಾಯಿತು. ಬೆಳಗ್ಗೆ ಮುಳಬಾಗಿಲಿನಿಂದ ಎರಡು ಬುಟ್ಟಿ ಸಂಪಿಗೆ ಬಂದು ಇಳಿದಾಗ ಅಡುಗೆಮನೆಯಲ್ಲಿ ಗುಸುಗುಸು ಎದ್ದಿತು. "ಇದೇನೇ, ಇಷ್ಟೊಂದು ಅತ್ತೆ ಹೂವು ತರಿಸವ್ನೆ?" "ಓದಿದೋನಲ್ವಾ, ಏನೋ ಲೆಕ್ಕ ಇರ್ತೈತೆ ಬಿಡಕ್ಕ." ಮುನಿಕೃಷ್ಣ ಅದನ್ನು ಕೇಳಿಸಿಕೊಂಡು ಒಳಗೊಳಗೇ ನಕ್ಕ. ಪಾಪ, ಇವರಿಗೇನು ಗೊತ್ತು!

ತೊಟ್ಟಿಲಿಗೆ ಮೊದಲು ಬಟ್ಟೆ ಸುತ್ತಿದ ಗುಂಡುಕಲ್ಲನ್ನು ಮಲಗಿಸಿ ತೂಗಿದ್ದಾಯಿತು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಇನ್ನು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಬೇಕಾದವಳು ಸೋದರತ್ತೆ. ಮುನಿಕೃಷ್ಣನಿಗೆ ಅಕ್ಕತಂಗಿಯರಿಲ್ಲದ್ದರಿಂದ ಆ ಭಾರ ಐವರು ಮುತ್ತೈದೆಯರ ಮೇಲೆ ಬಿತ್ತು. ತಾಯಿ ವೆಂಕಟರತ್ನಮ್ಮ, ಇಬ್ಬರು ಚಿಕ್ಕಮ್ಮಂದಿರು, ದಾಯಾದಿ ಮನೆಯ ಇಬ್ಬರು. ಐದಕ್ಕೆ ಐದೂ ಜನ ಆ ಮನೆತನದ ಸೊಸೆಯರು. ಈ ಸಣ್ಣ ವಿಷಯವನ್ನು ಮುನಿಕೃಷ್ಣ ಗಮನಿಸಿರಲಿಲ್ಲ. ನಿಘಂಟಿನಲ್ಲಿ ಇರಲಿಲ್ಲ ನೋಡಿ.

ಅವನು ಎದ್ದು ನಿಂತು ಕಾಗದ ಬಿಡಿಸಿ ಹದಿನೈದು ನಿಮಿಷ ಭಾಷಣ ಮಾಡಿದ. ಮೂಗು, ಮೊಗ್ಗು, ದುಂಬಿ ಎಲ್ಲ ಬಂದು ಹೋದವು. ಹೆಸರನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದ. ಹಿಂದಿನ ಸಾಲಿನವರು ಊಟದ ಎಲೆ ಕಡೆ ನೋಡುತ್ತಿದ್ದಾಗ ಗಂಟಲು ಸರಿಮಾಡಿಕೊಂಡು ಘೋಷಿಸಿದ:

"ಈಗ ನಮ್ಮಮ್ಮ ಮಗುವಿನ ಕಿವಿಯಲ್ಲಿ ಆ ಹೆಸರನ್ನ ಮೂರು ಸಲ ಹೇಳ್ತಾರೆ. ಸಂಪಿಗೆ!"

ಚಪ್ಪಾಳೆ ಬರಲಿಲ್ಲ. ವೆಂಕಟರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಿರಿಯ ಚಿಕ್ಕಮ್ಮ ಕೆನ್ನೆ ಕೆನ್ನೆ ತಟ್ಟಿಕೊಂಡರು. ಕೇಳಿಸಲಿಲ್ಲವೇನೋ ಎಂದು ಮುನಿಕೃಷ್ಣ ಇನ್ನೂ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ. "ಸಂ! ಪಿ! ಗೆ!" ಐವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ನೀ ಹೇಳೇ" ಎಂದು ವೆಂಕಟರತ್ನಮ್ಮ ಹಿರಿಯ ಚಿಕ್ಕಮ್ಮನ ಕಡೆ ತಿರುಗಿದರು.

"ನಾನ್ಯಾಕಕ್ಕ? ಹಿರೀ ಸೊಸೆ ನೀವು!"

"ನಾನು ಸತ್ರೂ ಹೇಳಲ್ಲ!"

"ಅಮ್ಮಾ, ಮೂರೇ ಅಕ್ಷರ ಕಣಮ್ಮ!" ಎಂದು ಮುನಿಕೃಷ್ಣ ಗೋಗರೆದ.

"ಮೂರೇ ಅಕ್ಷರಾನಾ? ಮೂವತ್ತೈದು ವರ್ಷದಿಂದ ಆ ಮೂರಕ್ಷರ ನಾಲಿಗೆ ಮೇಲೆ ಬರದ ಹಾಗೆ ಕಾದ್ಕೊಂಡು ಬಂದಿದೀನಿ ಕಣೋ ಪಾಪಿ! ಅತ್ತೆ ಹೆಸರನ್ನ ಸೊಸೆ ಬಾಯಲ್ಲಿ ಹೇಳಿಸ್ತೀಯಾ, ಅದೂ ಊರ ಮುಂದೆ?"

ಮುನಿಕೃಷ್ಣನಿಗೆ ಅರ್ಥವಾಗಲಿಲ್ಲ. ತಂದೆ ಕದಿರಪ್ಪ ಮೆಲ್ಲಗೆ ಬಂದು ಭುಜದ ಮೇಲೆ ಕೈಯಿಟ್ಟರು. "ಲೇ, ಅದು ನಮ್ಮಮ್ಮನ ಹೆಸರು ಕಣೋ. ನಿಮ್ಮವ್ವಂದು. ಸಂಪಂಗಮ್ಮ."

ಅವ್ವ ಎಂದರೆ ಕದಿರಪ್ಪನ ತಾಯಿ, ಮನೆಯ ಹಿರಿಯ ಜೀವ, ಎಂಬತ್ತು ದಾಟಿದವಳು.

"ಏನಪ್ಪಾ ಹೇಳ್ತಿದೀಯ? ಅವ್ವನ ಹೆಸರು ಚಿಕ್ಕಗಂಗಮ್ಮ! ಪಿಂಚಣಿ ಅರ್ಜಿ ಬರ್ದಿದ್ದು ನಾನು, ಆಧಾರ್ ಮಾಡ್ಸಿದ್ದು ನಾನು. ರೇಷನ್ ಕಾರ್ಡ್ ನೋಡ್ಕೊಂಡೇ ಬರ್ದಿದೀನಿ!"

"ಆ ರೇಷನ್ ಕಾರ್ಡಿನೋನು ಬಂದಾಗ ಅತ್ತೆ ಹೊಲದಲ್ಲಿದ್ರು, ನಿಮ್ಮಪ್ಪ ಊರಲ್ಲಿರಲಿಲ್ಲ" ಎಂದರು ವೆಂಕಟರತ್ನಮ್ಮ. "'ನಿಮ್ಮತ್ತೆ ಹೆಸರೇನಮ್ಮ' ಅಂದ. ನಾನು ಹೇಗೋ ಹೇಳ್ಲಿ? ಹಿತ್ತಲಿಗೆ ಕರ್ಕೊಂಡು ಹೋಗಿ ಮರ ತೋರಿಸ್ದೆ, ಹೂವು ತೋರಿಸ್ದೆ. ಪಟ್ಟಣದೋನು, ಅವನಿಗೆ ತಿಳೀಲಿಲ್ಲ. ಬೇಗ ಹೇಳಮ್ಮ ಅಂತ ರೇಗ್ದ. ಊರದೇವರು ಚಿಕ್ಕಗಂಗಮ್ಮನ ಗುಡಿ ಕಣ್ಣೆದುರಿಗಿತ್ತು. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ನಿಂಗೆ ಗೊತ್ತಿದ್ದೂ ಸುಮ್ನಿದ್ಯಾ?" ಎಂದು ಮುನಿಕೃಷ್ಣ ಅಪ್ಪನ ಕಡೆ ತಿರುಗಿದ.

"ಸರ್ಕಾರಕ್ಕೆ ಒಂದು ಹೆಸರು ಬೇಕಿತ್ತು, ಕೊಟ್ವಿ" ಎಂದರು ಕದಿರಪ್ಪ.

"ಅಂದ್ರೆ ಇಷ್ಟು ವರ್ಷದಿಂದ ವೋಟು ಹಾಕಿ, ವೃದ್ಧಾಪ್ಯ ವೇತನ ತಗೋತಿರೋದು ಊರದೇವತೆಯಾ!"

ಸಭೆ ಗೊಳ್ಳೆಂದಿತು. ಮುನಿಕೃಷ್ಣನ ತಲೆ ಗಿರ್ರೆಂದಿತು. ಆದರೂ ಎಂ.ಎ. ಅಲ್ಲವೇ, ಒಂದು ಪಟ್ಟು ಉಳಿದಿತ್ತು.

"ನೋಡಮ್ಮ, ಅವ್ವ ಸಂಪಂಗಿ. ನನ್ನ ಮಗಳು ಸಂಪಿಗೆ. ಇದಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ!"

ಹಿಂದಿನಿಂದ ತೌಹೀದನ ದನಿ ಬಂತು. ಕೈಯಲ್ಲಿ ಕಾಗದ ಹಿಡಿದಿದ್ದ. "ಭಾಯ್, ಎರಡನೇ ಸಾಲಲ್ಲಿ ಎಲ್ಲವೂ ಒಂದೇ ಅಂತಿದೆ. ದಪ್ಪ ಅಕ್ಷರ. ಕೆಳಗೆ ಗೆರೆ."

ಹೆಸರು ಘೋಷಿಸಿದೊಡನೆ ತೌಹೀದ್ ಹಂಚಿಬಿಟ್ಟಿದ್ದ ಇನ್ನೂರು ಪ್ರತಿಗಳು ಆಗಲೇ ಊರಿನ ಕೈಯಲ್ಲಿದ್ದವು. ತನ್ನ ಸಂಶೋಧನೆ ತನ್ನನ್ನೇ ಕೆಡವಿದ ವಿದ್ವಾಂಸ ಮುನಿಕೃಷ್ಣನೊಬ್ಬನೇ ಇರಬೇಕು!

ಸಲಹೆಗಳು ನಾಲ್ಕೂ ದಿಕ್ಕಿನಿಂದ ಬಂದವು. ಸುನಂದಳ ತಾಯಿ ಹೇಳಲಿ ಎಂದರು ಯಾರೋ. ಆಕೆ ಮೂರು ಮಾರು ದೂರ ಹಾರಿ, "ಬೀಗರ ಮನೇಲಿ ನಿಂತು ಬೀಗರ ಹಿರಿಯರ ಹೆಸರು ಕೂಗೋದಾ? ನನ್ನ ಬಿಟ್ಬಿಡ್ರಪ್ಪ" ಎಂದರು. "ಹೆಸರೇ ಬದಲಾಯಿಸಿ" ಎಂದು ಇನ್ನೊಬ್ಬರು. "ಸರ್ಟಿಫಿಕೇಟಲ್ಲಿ ಬಂದ್ಬಿಟ್ಟಿದೆ" ಎಂದು ಮುನಿಕೃಷ್ಣ ನೆಲ ನೋಡಿದ. "ರಂಜಿತ ಅನ್ನಿ, ದಿವ್ಯ ಅನ್ನಿ, ಏನಾದ್ರೂ ಅನ್ನಿ, ಸಾರು ಆರ್ತಾ ಐತೆ!" ಎಂದ ಎಲೆಯ ಮುಂದೆ ಕೂತೇಬಿಟ್ಟಿದ್ದ ಭೀಮರಾಜ್ ಮಾಮ. ಕಿರಿಯ ಚಿಕ್ಕಮ್ಮ ಕೈ ಸುಮ್ಮನಿರಲಾರದೆ ತೊಟ್ಟಿಲನ್ನು ತೂಗುತ್ತಲೇ ಇದ್ದರು. ಅದರಲ್ಲಿ ಇನ್ನೂ ಗುಂಡುಕಲ್ಲೇ ಮಲಗಿತ್ತು. ಕೂಸು ಸುನಂದಳ ತೋಳಿನಲ್ಲಿ ಕಿಟಾರನೆ ಅಳುತ್ತಿತ್ತು.

ಮುನಿಕೃಷ್ಣನಿಗೆ ಈಗ ನಿಜವಾದ ಸಂಕಟ ಶುರುವಾಯಿತು. ಕಾಗದದಲ್ಲೊಂದು ಹೆಸರು, ಬಾಯಲ್ಲೊಂದು ಹೆಸರು! ಅವ್ವನಿಗೆ ಆದ ಗತಿಯೇ ಮಗಳಿಗೂ. ಮನೆಯವರೆಲ್ಲ 'ಪಾಪ, ಪಾಪ' ಎಂದು ಕರೆದು ಕರೆದು, ಅದು ಮದುವೆಯ ವಯಸ್ಸಿಗೂ ಪಾಪವಾಗಿಯೇ ಉಳಿದರೆ? ಹದಿನೇಳು ದಿನ ಅವನು ಹುಡುಕಿದ್ದು ಮಗಳನ್ನು ಕರೆಯಲು ಒಂದು ಹೆಸರನ್ನು. ಹುಡುಕಿ ತಂದದ್ದು ಆ ಮನೆಯಲ್ಲಿ ಯಾರೂ ಕರೆಯಬಾರದ ಒಂದೇ ಒಂದು ಹೆಸರನ್ನು.

ಆಗ ಸುನಂದ ಬಾಯಿ ತೆರೆದಳು. "ಅತ್ತೆ, ಸೊಸೆಯರು ಹೇಳಬಾರದು, ಸರಿ. ಅವ್ವಾರ ಹೆಸರನ್ನ ಅವ್ವಾರೇ ಹೇಳೋಕೆ ಯಾವ ಶಾಸ್ತ್ರ ಅಡ್ಡ?"

ದಾಯಾದಿಗಳ ಪೈಕಿ ಒಬ್ಬರು ಗೊಣಗಿದರು. "ಅದ್ಹೆಂಗಮ್ಮ? ಗಂಡ ಇಲ್ದೋರು ತೊಟ್ಟಿಲ ಹತ್ರ..."

"ಸುಮ್ನಿರೇ!"

ಗುಡುಗಿದ್ದು ವೆಂಕಟರತ್ನಮ್ಮ. ಬಾಯಿಗೆ ಮುಚ್ಚಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ನನ್ನ ಬಾಣಂತನ ಮಾಡ್ದೋರು ಅವರು. ಇವನನ್ನ ಈ ಲೋಕಕ್ಕೆ ಎಳ್ಕೊಂಡ ಕೈ ಅವರದು. ಈ ಹೆಸರಿನ ಮರ್ಯಾದೆ ಎಷ್ಟು ಅಂತ ಮೂವತ್ತೈದು ವರ್ಷ ಬಾಯಿ ಕಟ್ಟಿದ ನಂಗೆ ಗೊತ್ತು. ಯಾರು ಏನಂತೀರೋ ಅನ್ನಿ!" ಎಂದವರೇ ದಡದಡ ಹಿತ್ತಲಿಗೆ ನಡೆದರು.

ಮುನಿಕೃಷ್ಣ ಬೆರಗಾಗಿ ನೋಡಿದ. ತನ್ನ ತಾಯಿ ಓದಿದ್ದು ಎರಡನೇ ಕ್ಲಾಸು.

ಅವ್ವ ಹಿತ್ತಲಲ್ಲಿ ಒಲೆಗಳ ಕಾವಲಿಗೆ ಕೂತು, ಅನ್ನ ಬಸಿಯುವವರಿಗೆ ಬುದ್ಧಿ ಹೇಳುತ್ತಿದ್ದಳು. ಸೊಸೆಯ ಕೈ ಹಿಡಿದು ಒಳಗೆ ಬಂದು ಕಣ್ಣು ಕಿರಿದು ಮಾಡಿ ಮೊಮ್ಮಗನನ್ನು ನೋಡಿದಳು.

"ಏಮ್ರಾ, ಮಗೀಗೆ ನನ್ನ ಹೆಸರಿಟ್ಟಿದ್ದೀಯಂತೆ? ನಿಂಗ್ಯಾರೋ ಹೇಳ್ದೋರು?"

"ಗೊತ್ತಿರಲಿಲ್ಲ ಅವ್ವ" ಎಂದ ಎಂ.ಎ.

"ನಂಗೇ ಮರೆತು ಹೋಗಿತ್ತು. ಮದುವೆಯಾಗಿ ಬಂದಾಗ ಅಪ್ಪನ ಮನೇಲೇ ಬಿಟ್ಬಂದಿದ್ದೆ ಆ ಹೆಸರನ್ನ. ಇಲ್ಲಿಗೆ ಬಂದ್ಮೇಲೆ ಸೊಸೆ ಅಂದ್ರು, ಕದಿರನ ತಾಯಿ ಅಂದ್ರು, ಅವ್ವ ಅಂದ್ರು. ಹೆಸರು ಹಿಡ್ದು ಯಾರ್ ಕರೀತಾರೆ?"

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಕಿವಿಯ ಹತ್ತಿರ ಬಗ್ಗಿ, "ಸಂಪಂಗೀ" ಎಂದಳು ಪಿಸುದನಿಯಲ್ಲಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ. ಮೂರನೇ ಸಲ ತಲೆಯೆತ್ತಿ, ಹೊಲದ ಆ ಬದಿಯಲ್ಲಿದ್ದವರನ್ನು ಕೂಗುವ ಹಾಗೆ, "ಓ ಸಂಪಂಗೀ!" ಎಂದಳು. ಬೀದಿಯ ನಾಯಿಗಳು ಬೊಗಳಿದವು. ಕೂಸು ಅಳು ನಿಲ್ಲಿಸಿ ಮುತ್ತಜ್ಜಿಯ ಮುಖವನ್ನೇ ನೋಡಿತು. ತೌಹೀದ್ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ಸುನಂದ ಕಣ್ಣೊರೆಸಿಕೊಂಡಳು.

"ಇನ್ಮೇಲೆ ನೀವೂ ಕರೀರೇ" ಎಂದು ಅವ್ವ ಸೊಸೆಯರಿಗೆ ಅಪ್ಪಣೆ ಕೊಟ್ಟಳು. "ನಾನೇ ಹೇಳ್ತಿದೀನಲ್ಲ. ನಾನಿರೋವಾಗ್ಲೇ ಈ ಮನೇಲಿ ಆ ಹೆಸರು ನಾಕು ಸಲ ಕೇಳ್ತೀನಿ."

ವೆಂಕಟರತ್ನಮ್ಮ ಧೈರ್ಯ ತಂದುಕೊಂಡು ಮುಂದೆ ಬಂದರು. "ಸಂ..." ಎಂದರು. "ಸಂಪ್..." ಎಂದರು. ಬೆವರು ಒರೆಸಿಕೊಂಡರು. ಕೊನೆಗೆ, "ಬಾರೇ ನನ್ನ ಅತ್ತೆ ಹೂವೇ!" ಎಂದು ಮೊಮ್ಮಗಳ ಕೆನ್ನೆ ಹಿಂಡಿದರು. ಅಲ್ಲಿಗೆ ಶಾಸ್ತ್ರ ಮುಗಿಯಿತು. ಭೀಮರಾಜ್ ಮಾಮನ ಎಲೆಗೆ ಸಾರು ಬಿತ್ತು.

ಮುನಿಕೃಷ್ಣನ ಎದೆ ಉಬ್ಬಿ ಬಂತು. ತಾನು ಸೋತಿಲ್ಲ! ಯಾವ ನಿಘಂಟಿನಲ್ಲೂ ಇಲ್ಲದ ಮೂಲವೊಂದು ತನ್ನ ಮನೆಯಲ್ಲೇ ಸಿಕ್ಕಿದೆ! ಎಂಬತ್ತು ವರ್ಷದ ಕೆಳಗೆ, ಅಕ್ಷರ ಬಾರದ ಹಳ್ಳಿಯ ರೈತನೊಬ್ಬ ಮಗಳಿಗೆ ಇಂಥ ಕಾವ್ಯಮಯ ಹೆಸರಿಟ್ಟ ಎಂದರೆ ಅವನ ರಸಿಕತೆ ಎಂಥದ್ದಿರಬೇಕು! ಮಗಳನ್ನು ಎತ್ತಿ ಎದೆಗವಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಅವ್ವಾ, ನಿಮ್ಮಪ್ಪ ನಿಂಗೆ ಈ ಹೆಸರನ್ನೇ ಯಾಕಿಟ್ರು? ಯಾವ ಪುರಾಣದಲ್ಲಿ ಕೇಳಿದ್ರು? ಹೂವಿನ ಅಂದ ನೋಡಿ ಇಟ್ರಾ, ಪರಿಮಳ ನೋಡಿ ಇಟ್ರಾ?"

ಅವ್ವ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಪುರಾಣವೂ ಇಲ್ಲ, ಪರಿಮಳವೂ ಇಲ್ಲ ಕಣಪ್ಪ. ನಾನು ಹುಟ್ಟಿದ ವಾರ ನಮ್ಮಪ್ಪ ಪುಂಗನೂರು ಕಡೆಯಿಂದ ಒಂದು ಹಸು ತಂದಿದ್ದ. ಅದರ ಹೆಸರು ಸಂಪಂಗಿ. ಭಾರೀ ಪ್ರೀತಿ ಅದರ ಮೇಲೆ. ಅದನ್ನೇ ನಂಗೂ ಇಟ್ಟ."

ಮುನಿಕೃಷ್ಣ ಮುಳುಗುವವನು ಕಡ್ಡಿ ಹಿಡಿದಂತೆ ಕೇಳಿದ. "ಹಸು... ತುಂಬ ಸಾಧುವಾಗಿತ್ತಾ ಅವ್ವ?"

"ಹಾಲೇನೋ ಬೆಣ್ಣೆಯಂಥದು. ಆದ್ರೆ ಹತ್ರ ಹೋದ್ರೆ ಒದೀತಿತ್ತು."

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಪ್ಪನ ತೋಳಿನಲ್ಲಿದ್ದ ಕೂಸು ಕಾಲು ಬೀಸಿ ಝಾಡಿಸಿತು. ವಿದ್ವಾಂಸನ ಕನ್ನಡಕ ಹಾರಿ ಪಾಯಸದ ಪಾತ್ರೆಗೆ ಬಿತ್ತು.

ಅವ್ವ ತೃಪ್ತಿಯಿಂದ ತಲೆಯಾಡಿಸಿದಳು. "ಸರಿಯಾದ ಹೆಸರೇ ಇಟ್ಟಿದ್ದೀಯ ಕಣಪ್ಪ."